ಯಾವ ದಿನವೂ ಬರಲಾರದ ಪರೀಕ್ಷೆ

ಉಜಿರೆಯ ಕಾಲೇಜಿನಲ್ಲಿ ಗಣಿತ ಕಲಿಸುವ ನನಗೆ ವಿರೋಧಾಭಾಸಗಳ ಪಾಠವೆಂದರೆ ಬಲು ಖುಷಿ. ಸಂಬಳ ಕೊಟ್ಟು ಮಕ್ಕಳ ತಲೆ ಕೆಡಿಸಲು ಬಿಡುವ ಕೆಲಸ ಬೇರೆ ಎಲ್ಲಿದೆ? ಆ ಮಳೆಗಾಲದ ಸೋಮವಾರ ಮಾತ್ರ ಖುಷಿ ಇರಲಿಲ್ಲ. ಹೆಂಡತಿಯ ಎದೆಯಲ್ಲಿ ಸಿಕ್ಕಿದ ಗಂಟಿನಿಂದ ಸೂಜಿ ಹಾಕಿ ಚೂರು ತೆಗೆದಿದ್ದರು. “ರಿಪೋರ್ಟ್ ಈ ವಾರದೊಳಗೆ ಬರ್ತದೆ, ನಾವೇ ಫೋನ್ ಮಾಡ್ತೇವೆ” ಎಂದಿದ್ದರು ಮಂಗಳೂರಿನ ಆಸ್ಪತ್ರೆಯವರು. ಯಾವ ದಿನ ಎಂದು ಹೇಳಲಿಲ್ಲ. ಬಂಟ್ವಾಳದ ಮನೆಯಿಂದ ಕಾಲೇಜಿಗೆ ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗದೆ ನಿಂತೇ ಬಂದೆ.

ತರಗತಿಯಲ್ಲಿ ಹೇಳಿದೆ: “ಈ ವಾರ ಒಂದು ದಿನ ಟೆಸ್ಟ್ ಉಂಟು. ಯಾವತ್ತು ಅಂತ ಹಿಂದಿನ ದಿನವೂ ನಿಮಗೆ ಗೊತ್ತಾಗುದಿಲ್ಲ.”

ಮುಂದಿನ ಬೆಂಚಿನ ಹುಡುಗಿ ಎದ್ದಳು. “ಹಾಗಾದ್ರೆ ಟೆಸ್ಟ್ ಆಗ್ಲಿಕ್ಕೇ ಸಾಧ್ಯ ಇಲ್ಲ ಸರ್. ಶುಕ್ರವಾರದವರೆಗೆ ಆಗದಿದ್ರೆ ಶನಿವಾರವೇ ಅಂತ ಗೊತ್ತಾಗ್ತದೆ. ಹಾಗಾಗಿ ಶನಿವಾರ ಇಲ್ಲ. ಆಗ ಶುಕ್ರವಾರವೇ ಕೊನೆ, ಅದೂ ಗೊತ್ತಾಗ್ತದೆ. ಹೀಗೆ ಒಂದೊಂದೇ ಹೊಡೆದು ಹಾಕಿದ್ರೆ ವಾರವೇ ಖಾಲಿ.”

ಎಲ್ಲರೂ ನಕ್ಕರು. ಹೀಗೆ ನಂಬಿ ಕೂತವರಿಗೆ ನಡುವೆ ಒಂದು ದಿನ ಪ್ರಶ್ನೆಪತ್ರಿಕೆ ಕೊಟ್ಟರೆ ಬೆಚ್ಚಿಬೀಳುತ್ತಾರೆ, ಮೇಷ್ಟ್ರ ಮಾತೂ ನಿಜವಾಗುತ್ತದೆ. ವಿರೋಧಾಭಾಸ ಇರುವುದೇ ಅಲ್ಲಿ. ಅದನ್ನು ಹೇಳಲು ನನಗೆ ಮನಸ್ಸು ಬರಲಿಲ್ಲ. ಹುಡುಗಿಯ ತರ್ಕವನ್ನು ಹಾಗೆಯೇ ಮನೆಗೆ ಕೊಂಡುಹೋದೆ.

ನನಗೆ ಅದು ಬೇಕಿತ್ತು. ಕೆಟ್ಟ ಸುದ್ದಿ ಬರುವುದು ನೆನೆಸದ ದಿನ ತಾನೇ? ದಿನವೂ ನೆನೆಸುತ್ತಲೇ ಇದ್ದರೆ ಅದಕ್ಕೆ ಬರಲು ದಿನವೇ ಉಳಿಯುವುದಿಲ್ಲ. ಮೊಬೈಲನ್ನು ಬಚ್ಚಲಿಗೂ ಒಯ್ದೆ. ಅಂಗಳಕ್ಕೆ ಹೋದೆ, ಒಳಗೆ ಬಂದೆ, ಮತ್ತೆ ಹೋದೆ.

“ನಿಮ್ಮನ್ನು ನೋಡಿದ್ರೆ ಗಂಟು ನಿಮಗೇ ಆದ ಹಾಗೆ ಉಂಟು. ಒಂದು ಕಡೆ ಕೂತ್ಕೊಳ್ಳಿ ಮಾರಾಯ್ರೆ” ಎಂದಳು ಹೆಂಡತಿ. ಅವಳ ಮೇಲೆಯೇ ರೇಗಿದೆ. ಅವಳಿಲ್ಲದ ಮನೆಯನ್ನು ನೆನೆದು ಭಯವಾಗಿತ್ತು, ಅಷ್ಟೆ.

ಗುರುವಾರ ಬೆಳಿಗ್ಗೆ ವಾಟ್ಸಾಪಿಗೆ ಜಿಲ್ಲಾಧಿಕಾರಿಯವರ ಆದೇಶ ಬಂತು: ಭಾರೀ ಮಳೆ, ಶಾಲೆ ಕಾಲೇಜುಗಳಿಗೆ ರಜೆ. ಈ ಆದೇಶಕ್ಕೆ ಬಾಯಿ ಬಿಟ್ಟು ಕಾಯುವುದರಲ್ಲಿ ನಮ್ಮ ಜಿಲ್ಲೆಯ ಮೇಷ್ಟ್ರುಗಳು ಮಕ್ಕಳಿಗೇನೂ ಕಡಿಮೆಯಲ್ಲ. ಮಳೆ ರಜೆಯೆಂದರೆ ನಮ್ಮ ಪಾಲಿಗೆ ಲೋಕವೇ ಬಾಗಿಲು ಹಾಕಿಕೊಂಡಂತೆ. ಆ ದಿನವನ್ನು ಲೆಕ್ಕದಿಂದ ಬಿಟ್ಟುಬಿಟ್ಟೆ. ಮೊಬೈಲನ್ನು ಅಡುಗೆಮನೆಯಲ್ಲೇ ಬಿಟ್ಟು, ನೀರುದೋಸೆ ತಿಂದು, ಪೇಪರು ಹಿಡಿದು ಮಲಗಿದೆ. ಆಸ್ಪತ್ರೆಗೆ ರಜೆ ಇಲ್ಲವೆಂಬುದು ತಲೆಗೆ ಹೊಳೆಯಲೇ ಇಲ್ಲ.

ಫೋನ್ ಎತ್ತಿದವಳು ಅವಳು. “ಆಯ್ತು, ಆಯ್ತು ಡಾಕ್ಟ್ರೆ” ಎಂಬುದಷ್ಟೇ ಕೇಳಿಸಿತು. ಬಾಗಿಲಿಗೆ ಬಂದು ನಿಂತಳು.

“ಕ್ಯಾನ್ಸರ್ ಉಂಟಂತೆ.”

ಪೇಪರು ಬದಿಗಿಟ್ಟು ಎದ್ದು ಕೂತೆ. ಅವಳೇ ಬಂದು ಮಂಚದ ತುದಿಯಲ್ಲಿ ಕೂತಳು.

“ನಾಳೆ ಬರ್ಲಿಕ್ಕೆ ಹೇಳಿದ್ದಾರೆ” ಎಂದಳು. “ಇವತ್ತೇ ಹೋಗುವ. ನಾಳೆಯವರೆಗೆ ಕಾಯ್ಲಿಕ್ಕೆ ನನ್ನಿಂದ ಆಗುದಿಲ್ಲ.”