ಗುಲಾಬಿಯಕ್ಕ ಹೇಳಿದ ಪಥ್ಯ

ಕಾರ್ತಿಕದ ಒಂದು ಬೆಳಗು. ಬಿಜೂರಿನಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ನೀರು ಹರಿಯುವ ತೋಡಿನ ಬದಿಯ ಮಾವಿನ ಮರದ ಕೆಳಗೆ ನಿಂತು ಗುಲಾಬಿಯಕ್ಕ ಅಮೃತಬಳ್ಳಿಯನ್ನು ಕತ್ತಿಯಿಂದ ಕೊಯ್ಯುತ್ತಾರೆ. ಅವರ ಬಗ್ಗೆ ಬರೆಯಲೆಂದು ಬಂದ ನನ್ನನ್ನು ಕಂಡರೂ ಮಾತಿಲ್ಲ. ಕಲ್ಲೊಂದನ್ನು ಸೆರಗಿನಿಂದ ಒರಸಿ, ಕುಳಿತುಕೊಳ್ಳಿ ಎಂದು ಕೈಯಲ್ಲೇ ತೋರಿಸುತ್ತಾರೆ. ಮದ್ದು ತೆಗೆಯುವಾಗ ಬಾಯಿ ಬಿಡಬಾರದು. ಅದು ಊರಿಗೆಲ್ಲ ಮದ್ದು ಕೊಡುತ್ತಿದ್ದ ಅವರ ಅಬ್ಬಿ, ಅಂದರೆ ತಾಯಿ, ಕಲಿಸಿದ ಕ್ರಮ. ಬಳ್ಳಿಯ ಕಟ್ಟು ಒದ್ದೆ ಗೋಣಿಯೊಳಗೆ ಸೇರಿದ ಮೇಲೆಯೇ ಮಾತು: "ಮಂಜಿನ್ ಒಳ್ಗೆ ಕೂತ್ರಲ್ದಾ ಅಮ್ಮ? ಥಂಡಿ ಆತ್ತ್. ಬನ್ನಿ, ಚಾ ಕುಡಿವ."

ಈ ಕಟ್ಟು ಬಸ್ಸಿನಲ್ಲಿ ಕಾಲೇಜೊಂದರ ಪ್ರಯೋಗಾಲಯಕ್ಕೆ ಹೋಗುತ್ತದೆ. ಅಲ್ಲಿ ಸಂಶೋಧಕಿ ಶ್ರೀಲತಾ ಬಳ್ಳಿಯ ಸಾರ ತೆಗೆದು, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಸ್ತನ ಕ್ಯಾನ್ಸರಿನ ಜೀವಕೋಶಗಳ ಮೇಲೆ ಹಾಕಿ ನೋಡುತ್ತಾರೆ. ನಮ್ಮ ಮೈಯ ಜೀವಕೋಶ ಹಳತಾದಾಗ ತಾನೇ ಮುದುಡಿ ಸಾಯುವ ಏರ್ಪಾಡೊಂದು ಅದರೊಳಗೇ ಇದೆಯಂತೆ. ಕ್ಯಾನ್ಸರಿನ ಕೋಶದಲ್ಲಿ ಅದು ಕೆಟ್ಟು ನಿಂತಿರುತ್ತದೆ. ಸಾರದ ಕೆಲವು ಅಂಶಗಳು ತಾಗಿದಾಗ ಆ ಏರ್ಪಾಡು ಮತ್ತೆ ಚಾಲೂ ಆಗಿ, ಕೋಶ ಕುಗ್ಗಿ ಚೂರಾಗುತ್ತದೆ. ಗುಲಾಬಿಯಕ್ಕನನ್ನು ಒಮ್ಮೆ ಕರೆಸಿ ಸೂಕ್ಷ್ಮದರ್ಶಕದಲ್ಲಿ ಅದನ್ನು ತೋರಿಸಿದ್ದಾರೆ. ಕಂಡದ್ದನ್ನು ಗುಲಾಬಿಯಕ್ಕ ನನಗೆ ಹೇಳುವುದು ಹೀಗೆ: "ಹಣ್ಣೆಲೆ ಉದುರ್ಕಲ್ದಾ ಅಮ್ಮ? ಉದುರ್ದೇ ಮರದ್ ಮೇಲೇ ಕೂತ್ರೆ ಅದೇ ರೋಗ."

ಗಂಡ ತೀರಿಕೊಂಡ ಮೇಲೆ ಗದ್ದೆಯ ನಟ್ಟಿ, ಕೊಯ್ಲಿನ ಕೂಲಿಯಲ್ಲಿ ಮಗಳನ್ನು ಬೆಳೆಸಿದವರು ಇವರು. 1998ರಲ್ಲಿ ಗಿಡ ಹುಡುಕಿಕೊಂಡು ಬಂದ ಕಾಲೇಜಿನವರಿಗೆ ಹಾಡಿಯ ಕಾಡಿನ ದಾರಿ ತೋರಿಸಿದರು. ಅಂದಿನಿಂದ ಬಳ್ಳಿ ಬೇಕಾದಾಗಲೆಲ್ಲ ಪಕ್ಕದ ಅಂಗಡಿಗೆ ಫೋನು ಬರುತ್ತದೆ.

ಚಾ ಲೋಟ ಕೈಯಲ್ಲಿರುವಾಗಲೇ ಅಂಗಳದಿಂದ "ಹ್ವಾಯ್, ಗುಲಾಬಿ" ಎಂಬ ಕರೆ. ಹತ್ತಿರದ ನಾವುಂದದಿಂದ ಮನೆಮನೆಗೆ ಮೀನು ತರುವ ಸುಗುಣ. ಇಂದು ತಲೆಯ ಮೇಲೆ ಬುಟ್ಟಿಯಿಲ್ಲ. ಕೈಯಲ್ಲಿ ವೀಳ್ಯದೆಲೆ, ಅಡಿಕೆ. ಎದೆಯಲ್ಲಿ ಗಂಟಾಗಿ ತಿಂಗಳುಗಳಾಗಿವೆ. ಗಂಡ ಬಚ್ಚನಿಗೂ ಹೇಳಿಲ್ಲ.

"ಆಸ್ಪತ್ರೆಗ್ ಹೋರೆ ಎದೆ ಕೊಯ್ತ್ರ್. ನೀ ಆ ಬಳ್ಳಿ ರಸ ಕೊಡ್. ಕ್ಯಾನ್ಸರ್ ಸಾಯ್ತ್ ಅಂಬ್ರಲ್ದಾ?"

"ಸಾಯೂದ್ ಗಾಜಿನ ತಟ್ಟಿ ಒಳ್ಗೆ ಮಾರಾಯ್ತಿ. ಮೈ ಒಳ್ಗೆ ಎಂತ ಆತ್ತ್ ಅಂದೇಳಿ ಆ ಮೇಡಮ್ಮಿಗೂ ಗೊತ್ತಿಲ್ಲ."

"ನಿನ್ ಅಬ್ಬಿ ಎಲ್ಲರಿಗೂ ಮದ್ ಕೊಡ್ತಿದ್ಲ್. ನಾ ಮೀನಿನವ್ಳ್ ಅಂದೇಳಿ ನಂಗಿಲ್ಯಾ?"

ಗುಲಾಬಿಯಕ್ಕನ ಮುಖ ಬಾಡುತ್ತದೆ. ವೀಳ್ಯ ಹಿಡಿದು ಮದ್ದು ಕೇಳಿದವರನ್ನು ಬರಿಗೈಯಲ್ಲಿ ಕಳುಹಿಸುವಂತಿಲ್ಲ. ರಸ ಕೊಟ್ಟರೆ ಸುಗುಣ ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ. ಕೈ ತೊಳೆದು ಬಂದು, ಎರಡೂ ಕೈಯೊಡ್ಡಿ ವೀಳ್ಯ ತೆಗೆದುಕೊಳ್ಳುತ್ತಾರೆ.

"ತಕಂಡೆ. ಇನ್ ನಾ ಹೇಳಿದ್ ಪಥ್ಯ ನೀ ಮಾಡ್ಕ್. ತಪ್ಸೂಕಾಗ."

"ಎಂತ, ಮೀನ್ ಬಿಡ್ಕಾ?"

"ಮೀನ್ ತಿನ್. ಈಗ್ಳೇ ನನ್ನೊಟ್ಟಿಗೆ ಆಸ್ಪತ್ರೆಗ್ ಬಪ್ಪುದೇ ಪಥ್ಯ. ಡಾಕ್ಟ್ರ್ ಎಂತ ಹೇಳ್ತ್ರೋ, ಅದೂ ಪಥ್ಯ."

"ಇದ್ ಮೋಸ!"

"ವೀಳ್ಯ ತಂದದ್ ನೀನೇ ಅಲ್ದಾ ಹೆಣೆ?"

ಸುಗುಣ ಬೈಯುತ್ತಾರೆ, ಆಮೇಲೆ ಅಳುತ್ತಾರೆ. ಆದರೆ ಕೊಟ್ಟ ವೀಳ್ಯವನ್ನು ಹಿಂದೆ ಕೇಳುವುದಿಲ್ಲ. ಗುಲಾಬಿಯಕ್ಕ ಪೆಟ್ಟಿಗೆಯಿಂದ ತಮ್ಮ ಒಳ್ಳೆಯ ಸೀರೆ ತೆಗೆದು ಸುಗುಣರಿಗೆ ಉಡಿಸುತ್ತಾರೆ. ಬಸ್ಸಿನಲ್ಲಿ ಕಂಡಕ್ಟರ್ ಸುಧಾಕರ ಬಳ್ಳಿಯ ಕಟ್ಟನ್ನು ನೆರಳಿಗಿಟ್ಟು, ಸುಗುಣರ ಅತ್ತು ಕೆಂಪಾದ ಕಣ್ಣು ನೋಡಿ, ಏನೂ ಕೇಳದೆ ಕಿಟಕಿಯ ಬದಿಯ ಸೀಟು ಬಿಡಿಸಿಕೊಡುತ್ತಾನೆ.

ಇದಾಗಿ ಕೆಲವು ತಿಂಗಳಾಗಿವೆ. ಸುಗುಣರಿಗೆ ಶಸ್ತ್ರಚಿಕಿತ್ಸೆ ಆಗಿದೆ, ಇಂಜೆಕ್ಷನ್ನುಗಳು ನಡೆಯುತ್ತಿವೆ. ಹೊತ್ತಿಗೆ ಸರಿಯಾಗಿ ಬಂದಿರಿ ಎಂದು ವೈದ್ಯರು ಹೇಳಿದ್ದಾರೆ. ಕೂದಲುದುರಿದ ತಲೆಗೆ ಬೈರಾಸು ಸುತ್ತಿ ಗುಲಾಬಿಯಕ್ಕನ ಜಗಲಿಯಲ್ಲಿ ಕುಳಿತ ಅವರು, "ನನ್ ಹೆಸ್ರ್ ಹಾಕಿ ಅಮ್ಮ. ರೋಗ ಅಡಗ್ಸಿ ಕೂತ್ ಹೆಣ್ಮಕ್ಕಳ್ ಓದ್ಲಿ" ಎನ್ನುತ್ತಾರೆ.

ಬಳ್ಳಿ ಎಂದಾದರೂ ನಿಜವಾದ ಔಷಧಿಯಾಗಿ ಬಂದರೆ ನಿಮ್ಮ ಹೆಸರೂ ಎಲ್ಲಾದರೂ ಇರಬೇಕು ಎಂದು ನಾನು ಗುಲಾಬಿಯಕ್ಕನಿಗೆ ಹೇಳುತ್ತೇನೆ. ಅವರು ಸುಗುಣರಿಗೆಂದು ಗಂಜಿ ಆರಿಸುತ್ತಿದ್ದಾರೆ.

"ನನ್ ಹೆಸ್ರ್ ಎಂತಕ್ ಅಮ್ಮ? ಅದ್ ಮದ್ದಾಯಿ ಬಪ್ಪೊತ್ತಿಗೆ ನಾ ಇರ್ತ್ನೋ ಇಲ್ಯೋ. ಇವ್ಳ್ ಇರ್ಕ್."