ಮಂಜಿನ ಬೆಳಗಿನಲ್ಲಿ ಹೆಡ್‌ಲೈಟು

ತಾಳವಾಡಿ ಬೆಟ್ಟದ ಚೆಕ್‌ಪೋಸ್ಟಿನಲ್ಲಿ ನಮ್ಮ ಕಾರು ನಿಂತಿತ್ತು. ಬೆಳಕು ಹರಿದಿದ್ದರೂ ದಟ್ಟ ಮಂಜು. ಮುಂದೊಂದು ಮೊಪೆಡ್ಡು. ಅದರ ಮೇಲೆ ಜೀರಹಳ್ಳಿಯ ರೈತ ಮಾದಪ್ಪ, ಹಿಂದೆ ಹೆಂಡತಿ ಶಿವಮ್ಮ. ಚಾಮರಾಜನಗರದ ಆಸ್ಪತ್ರೆಯಲ್ಲಿ ಮಗಳಿಗೆ ಹೆರಿಗೆಯಾಗಿತ್ತು. ಮಗುವನ್ನು ನೋಡುವ ತವಕ. ಆದರೆ ಮೊಪೆಡ್ಡಿನ ದೀಪ ಕೆಟ್ಟಿದ್ದರಿಂದ ಪೊಲೀಸಿನವರು ತಡೆದಿದ್ದರು.

“ಅಗಲೊತ್ನಲ್ಲಿ ಲೈಟ್ಯಾಕೆ ಸಾರ್? ಕಣ್ಮುಚ್ಕೊಂಡ್ರೂ ದಾರಿ ಗೊತ್ತು ನಂಗೆ,” ಎಂದರು ಮಾದಪ್ಪ.

“ರಾತ್ರಿಗಷ್ಟೇ ಅಲ್ಲ ಅಯ್ಯಾ, ಇಂಥ ಮಂಜಲ್ಲೂ ಲೈಟ್ ಆಕ್ಲೇಬೇಕು, ಕಾನೂನು. ನೀವು ನೋಡಕ್ಕಲ್ಲ, ಎದುರಿಗೆ ಬರೋ ಲಾರಿಯವನಿಗೆ ನೀವು ಕಾಣಕ್ಕೆ,” ಎಂದರು ಪೊಲೀಸಿನವರು. ದನಿಯಲ್ಲಿ ಸಿಟ್ಟಿರಲಿಲ್ಲ.

ನಾವೂ ಚಾಮರಾಜನಗರಕ್ಕೇ ಹೊರಟಿದ್ದರಿಂದ ಇಬ್ಬರನ್ನೂ ನಾನು ಕಾರಿಗೆ ಕರೆದೆ. ಮಾದಪ್ಪ ಒಪ್ಪಲಿಲ್ಲ. “ಗಾಡಿ ಬುಟ್ಟು ಬರಕಿಲ್ಲ. ಮಂಜು ಕರಗ್ಲಿ, ಬತ್ತೀನಿ. ನೀನೋಗು,” ಎಂದರು ಹೆಂಡತಿಗೆ.

ಶಿವಮ್ಮ ಮನಸ್ಸಿಲ್ಲದೆ ಹತ್ತಿದರು. ಕಾರು ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ಹಿಂದಿನ ಗಾಜಿನತ್ತ ತಿರುಗಿ ಕೂಗಿಕೊಂಡರು: “ಅಯ್ಯೋ, ಅವ್ರು ಕಾಣ್ತಾನೇ ಇಲ್ವಲ್ಲ! ನಿಲ್ಸಿ ಸಾಮಿ!”

ಇಳಿದು ಮಂಜಿನೊಳಗೆ ನಡೆದೇ ಹೋದರು. ಮಾತು ಮಾತ್ರ ಕೇಳುತ್ತಿತ್ತು. “ನಿಂತಿರೋನೇ ಕಾಣಕಿಲ್ಲ, ಗಾಡೀಲಿ ಓಗೋನು ಯಾರ್ಗೆ ಕಂಡಾನು? ಬನ್ನಿ ಸುಮ್ಕೆ!”

“ಗಾಡಿ ನಾನ್ ನೋಡ್ಕತೀನಿ, ಓಗ್ಬನ್ನಿ ಅಯ್ಯಾ,” ಎಂದಿತು ಪೊಲೀಸಿನವರ ದನಿ.

ಆಕೆ ಗಂಡನ ತೋಳು ಹಿಡಿದು ಕರೆತಂದರು. ಕಾರು ಹೊರಟಿತು. ಮಾದಪ್ಪ ಮುಖ ಊದಿಸಿಕೊಂಡು ಕೂತಿದ್ದರು. ಶಿವಮ್ಮ ಅವರ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿ ತಿಕ್ಕತೊಡಗಿದರು.

“ಇಷ್ಟ್ ತಣ್ಣಗಿರೋ ಕೈಲಿ ಮಗೀನ್ ಎತ್ಕಂಡ್ರೆ ಬೆಚ್ಚಿಬೀಳತ್ತೆ ಕಣ,” ಎಂದರು.