ಮಡಚಿದ ಮೂಲೆ

…ಅಥವಾ ಕಾಲು ಮೂಗಿನ ಮೇಲೆ ಇರಲೇ ಇಲ್ಲವೋ ಏನೋ. ಇದನ್ನು ಮೂರ್ನಾಲ್ಕು ಕಡೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಆ ಹೆಂಗಸಿನ ಕಾಲು ಫ್ಲೆಕ್ಸಿನಲ್ಲಿದ್ದ ನಾಯಕರ ಮೂಗಿನ ಮೇಲೇ ಇರುತ್ತದೆ. ಫೋಟೋದಲ್ಲಿ ನೋಡಿದರೆ ಭುಜದ ಹತ್ತಿರ ಎಲ್ಲೋ ಇದೆ, ಅದೂ ಅರ್ಧ ಕಾಳಿನಲ್ಲಿ ಹೂತುಹೋಗಿದೆ. ಆ ಫೋಟೋವನ್ನು ಎಷ್ಟು ಸಲ ತೆಗೆದು ನೋಡಿದ್ದೇನೆಂದರೆ, ರಸ್ತೆಯಲ್ಲಿ ನಿಂತು ಕಂಡದ್ದು ಯಾವುದು, ಆಮೇಲೆ ಪರದೆಯ ಮೇಲೆ ಕಂಡದ್ದು ಯಾವುದು ಎಂದು ಈಗ ಬಿಡಿಸಲು ಬರುವುದಿಲ್ಲ. ಬಿಸಿಲಿತ್ತು, ಅದಂತೂ ನಿಜ. ಬಿಸಿಲಿಲ್ಲದೆ ಯಾರೂ ಕಾಳು ಒಣಹಾಕುವುದಿಲ್ಲ. ಅಂದರೆ ಇದೂ ನೆನಪಲ್ಲ, ಊಹೆ.

ಚುನಾವಣೆ ಮುಗಿದಿತ್ತು. ಒಂದು ಸಣ್ಣ ಪತ್ರಿಕೆಯ ಸಂಪಾದಕರು, ಮತದಾನ ಮುಗಿದ ಮೇಲೆ ಪೇಟೆಗಳು ಹೇಗಿರುತ್ತವೆ ಎಂದು ತೋರಿಸುವ ಫೋಟೋ ಬೇಕು ಅಂದಿದ್ದರು. ನಾನು ಹುಬ್ಬಳ್ಳಿಯವನು. ಶಿಗ್ಗಾಂವದಲ್ಲಿ ಲಾಡ್ಜು ಹಿಡಿದು, ದಿನಕ್ಕೊಂದು ಊರಿನ ಬಸ್ಸು ಹತ್ತುತ್ತಿದ್ದೆ. ಹಾನಗಲ್ಲಿನ ಬಸ್ ತಂಗುದಾಣದಲ್ಲಿ ದೇಣಿಗೆ ಕೊಟ್ಟವರ ಹೆಸರಿನ ಮೇಲೆ, ನೀತಿ ಸಂಹಿತೆಯೆಂದು ಅಧಿಕಾರಿಗಳು ಅಂಟಿಸಿದ್ದ ದಿನಪತ್ರಿಕೆ ಇನ್ನೂ ಅರ್ಧ ಉಳಿದಿತ್ತು. ಅದರ ಫೋಟೋ ಹೊಡೆದೆ. ಸವಣೂರಿನಲ್ಲಿ ಒಬ್ಬಾಕೆ ಪಕ್ಷದ ಶಾಲನ್ನು ನೀರಿನಲ್ಲಿ ಅದ್ದಿ ವೀಳ್ಯದೆಲೆ ಬಾಡದಂತೆ ಹೊದಿಸಿದ್ದಳು. ಅದನ್ನೂ ಹೊಡೆದೆ. ಹಿರೇಕೆರೂರಿನಲ್ಲಿ ಒಂದೇ ಗೋಡೆಯ ಮೇಲೆ ಎರಡು ಪಕ್ಷಗಳ ಬಣ್ಣ ಒಂದರ ಅಡಿಯಿಂದ ಇನ್ನೊಂದು ಇಣುಕುತ್ತಿತ್ತು. ರಾತ್ರಿ ಕೂತು ನೋಡಿದರೆ ಯಾವುದೂ ನನ್ನನ್ನು ಕದಲಿಸಲಿಲ್ಲ. ವಾಕ್ಯವನ್ನು ಮೊದಲೇ ಬರೆದುಕೊಂಡು, ಅದಕ್ಕೆ ಹೊಂದುವ ಚಿತ್ರ ಹುಡುಕುತ್ತ ಅಲೆಯುತ್ತಿದ್ದೆ. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಚಹಾ ಪೂರ್ತಿ ಕುಡಿಯುತ್ತಿರಲಿಲ್ಲ.

ಕೊನೆಯ ದಿನ ಬಂಕಾಪುರದ ಕಡೆ ಹೆದ್ದಾರಿಯ ಪಕ್ಕದ ಸಣ್ಣ ರಸ್ತೆ ಹಿಡಿದು ನಡೆದೆ. ಉದ್ದಕ್ಕೂ ಗೋವಿನಜೋಳ ಹರವಿದ್ದರು. ಚುನಾವಣೆ ಮುಗಿದ ಮೇಲೆ ಫ್ಲೆಕ್ಸುಗಳು ಮನೆಮನೆಗೆ ಹೋಗುತ್ತವೆ. ಬಚ್ಚಲಿಗೆ ಮರೆಯಾಗುತ್ತವೆ, ಮೇವಿನ ಬಣವೆಗೆ ಹೊದಿಕೆಯಾಗುತ್ತವೆ, ಕಾಳಿಗೆ ಹಾಸಾಗುತ್ತವೆ. ಸಾಮಾನ್ಯವಾಗಿ ಅಚ್ಚಿನ ಮಗ್ಗುಲು ಕೆಳಗೆ, ಬಿಳಿ ಮಗ್ಗುಲು ಮೇಲೆ. ಯಾರ ಮುಖವನ್ನೂ ತುಳಿಯಬಾರದು ಎಂದೋ, ತುಳಿದದ್ದು ಯಾರಿಗೂ ಕಾಣಬಾರದು ಎಂದೋ. ಇಲ್ಲೊಂದು ಮಾತ್ರ ಅಂಗಾತ ಬಿದ್ದಿತ್ತು. ಕೈಮುಗಿದ ನಾಯಕರು ಆಳೆತ್ತರ ಮಲಗಿದ್ದರು, ಮೇಲೆ ಹಳದಿ ಕಾಳು. ಅರವತ್ತರ ಆಚೆಯ ಹೆಂಗಸೊಬ್ಬಳು ಕಾಲೆಳೆದು ಕಾಲೆಳೆದು ಸಾಲು ತೆಗೆಯುತ್ತಿದ್ದಳು. ತಳದ ಹಸಿ ಕಾಳು ಮೇಲೆ ಬರಲಿ ಎಂದು ಹಾಗೆ ಮಾಡುತ್ತಾರೆ. ಸಾಲು ತೆರೆದಲ್ಲೆಲ್ಲ ಮುಖದ ಒಂದೊಂದು ತುಂಡು ಕಾಣುತ್ತಿತ್ತು.

ನಾನು ಕ್ಯಾಮೆರಾ ಎತ್ತಿ ಅವಳ ಕಾಲಿನದೊಂದು ಹೊಡೆದೆ.

"ಏ ಸರ್ರ, ಏನ್ ಫೋಟೋ ಹೊಡ್ಯಾಕತ್ತೀರಿ? ಗೋವಿನಜೋಳ ಕಂಡಿಲ್ಲೇನು ನಿಮ್ಮೂರಾಗ?"

"ಕಂಡೇನ್ರಿ ಅವ್ವಾರ. ಇಷ್ಟ್ ಚಂದ ಹಾಸಿದ್ದು ಕಂಡಿಲ್ಲ."

"ಚಂದ ಏನ್ ಬಂತು, ಗಟ್ಟಿ ಐತಿ. ಹೋದ ಸಲದ್ದು ಎರಡ ಬಿಸಲಿಗೆ ಸೀಳಿತ್ತು."

ಫ್ಲೆಕ್ಸಿನ ಬಲಗಡೆಯ ಮೂಲೆಯನ್ನು ಮಡಚಿ ಮೇಲೊಂದು ಕಲ್ಲು ಇಟ್ಟಿದ್ದಳು. ಅಲ್ಲಿ ಕಾಳಿರಲಿಲ್ಲ. ಅದ್ಯಾಕೆ ಹಾಗೆ ಎಂದು ಕೇಳಿದೆ.

"ಅಲ್ಲಿ ನನ್ನ ಮಗ ಅದಾನ್ರಿ."

ಕಲ್ಲು ಸರಿಸಿ ಬಿಚ್ಚಿ ತೋರಿಸಿದಳು. ಶುಭ ಕೋರುವವರ ಸಾಲು. ಅಂಗೈಯಷ್ಟಗಲದ ಮುಖಗಳು, ಅವುಗಳ ತುದಿಯಲ್ಲಿ ಮೀಸೆ ತಿದ್ದಿಕೊಂಡ ಒಬ್ಬ. ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸ, ಕಾಯಂ ಅಲ್ಲ. ಫ್ಲೆಕ್ಸಿನಲ್ಲಿದ್ದ ಈ ಸಾಹೇಬರ ಕಡೆಯವರು ಹೇಳಿ ಕೊಡಿಸಿದ್ದು. ಇದನ್ನೆಲ್ಲ ಅವಳೇ ಹೇಳಿದಳು, ಸೆರಗಿನಿಂದ ಮಗನ ಮುಖದ ಧೂಳು ಒರೆಸುತ್ತ.

"ಮಗನ ಮಾರಿ ಮ್ಯಾಲ ಕಾಲಿಡಾಕ ಬರತೈತೇನ್ರಿ?"

"ಮತ್ತ ಸಾಹೇಬರ ಮ್ಯಾಲ?"

ಬಾಯಿಗೆ ಸೆರಗು ಹಿಡಿದು ನಕ್ಕಳು. "ಅವರೇನು ನನ್ನ ಹೊಟ್ಟ್ಯಾಗ ಹುಟ್ಟ್ಯಾರೇನು?"

ನನ್ನ ವಾಕ್ಯಕ್ಕೆ ಚಿತ್ರ ಸಿಕ್ಕಿತು ಅಂದುಕೊಂಡೆ. ಅವಳು, "ಇವಂದೂ ಒಂದು ಹೊಡೀರಿ, ಮೂಲ್ಯಾಗ ಅದಾನಂತ ಬಿಡಬ್ಯಾಡ್ರಿ" ಅಂದಳು. ಮಗ, ಸಾಹೇಬರು, ಕಾಳು, ಕಾಲು ಎಲ್ಲ ಒಟ್ಟಿಗೆ ಬರುವಂತೆ ಬಗ್ಗಿ ಹೊಡೆದೆ.

ಆಗ ಮೋಟರ್‌ಸೈಕಲ್ಲೊಂದು ನಿಂತಿತು. ಮುಂದೆ ಗೊಬ್ಬರದ ಚೀಲ ಇಟ್ಟುಕೊಂಡ ನಡುವಯಸ್ಸಿನವನು. ಅವನು ನಿಂತದ್ದು ಕಾಳು ನೋಡಿ ಅಲ್ಲ. ದಿನವೂ ಅದೇ ರಸ್ತೆಯಲ್ಲಿ ಓಡಾಡುವವನಿರಬೇಕು. ಅವನು ನಿಂತದ್ದು ನಾನು ಬಗ್ಗಿದ್ದನ್ನು ನೋಡಿ.

"ಏನವ್ವಾ, ಸಾಹೇಬರನ್ನ ಬಿಸಲಿಗೆ ಒಣಾ ಹಾಕೀಯೇನು? ಹಸಿ ಇದ್ದರೇನು ಇನ್ನೂ?"

ಜೇಬಿನಿಂದ ಫೋನು ತೆಗೆದು, ಕೂತಲ್ಲಿಂದಲೇ ಒಂದು ಹೊಡೆದುಕೊಂಡು, ಗಾಡಿ ಬಿಟ್ಟುಕೊಂಡು ಹೋದ. ಮಗನಿದ್ದ ಮೂಲೆ ಆಗ ಬಿಚ್ಚಿಯೇ ಇತ್ತು. ಬಿಚ್ಚಿತ್ತು ಎಂದೇ ನನಗೆ ಅನ್ನಿಸುತ್ತದೆ.

ಅಷ್ಟರಲ್ಲಿ ಬುತ್ತಿ ಹಿಡಿದು ಸೊಸೆ ಬಂದಳು. ದೂರದಿಂದಲೇ ನೋಡಿದ್ದಳು.

"ಅತ್ತಿ, ನಿಮಗ ಬುದ್ಧಿ ಐತೋ ಇಲ್ಲೋ? ಅವ ಯಾರು ಫೋಟೋ ಹೊಡಕೊಂಡು ಹೋದಾವ?"

"ಯಾರೋ ದಾರ್ಯಾಗ ಹೋಗಾವ. ನಗಚಾಟಿಗಿ ಹೊಡದ."

"ನಗಚಾಟಿಗಿ! ಸಾಹೇಬರ ಕಡೇ ಮಂದಿ ಕೈಗೆ ಸಿಕ್ಕರ ನಾಳಿಂದ ನಿಮ್ಮ ಮಗ ಮನ್ಯಾಗ ಕುಂದರತಾನ. ಕೆಲಸ ಕೊಡಿಸಿದವರು ಯಾರಂತ ಮರತ್ರೇನು? ಎಲ್ಲಾರೂ ಬೋರಲ ಹಾಸ್ಯಾರ, ನೀವೊಬ್ಬರ ಯಾಕ ಅಂಗಾತ ಹಾಸೀರಿ?"

ಮುದುಕಿ ಮೂಲೆಯನ್ನು ಮತ್ತೆ ಮಡಚಿ, ಕಲ್ಲು ಇಟ್ಟು, ಆಮೇಲೆ ಸಣ್ಣ ದನಿಯಲ್ಲಿ ಅಂದಳು: "ಬೋರಲ ಹಾಸಿದ್ರ ಅವನ ಮಾರಿ ನೆಲಕ್ಕ ಆಕ್ಕೈತಲ್ಲ. ಮ್ಯಾಲ ಜೋಳದ ಭಾರ ಬ್ಯಾರೆ."

"ಅಷ್ಟು ಕತ್ತರಿಸಿ ತಗೀಬೇಕಿತ್ತು."

"ಮಗನ ಫೋಟೋಕ್ಕ ಕತ್ತರಿ ಹಚ್ಚತಾರೇನ ಯಾರರ?"

ಸೊಸೆಗೆ ನಗು ಬಂತೋ ಅಳು ಬಂತೋ, ನನ್ನ ಕಡೆ ತಿರುಗಿದಳು. "ನೀವು ಹೊಡದದ್ದು ಅಳಿಸ್ರಿ ಸರ್ರ. ಕಾಲಷ್ಟ ಇದ್ರೂ ಅಳಿಸ್ರಿ. ಆ ಸೀರಿ ನೋಡಿದ್ರ ಊರಿಗೇ ಗೊತ್ತಾಗತೈತಿ." ಅವಳ ಮುಂದೆಯೇ ಅಳಿಸಿದೆ. ಮೂವರೂ ಸೇರಿ ಕಾಳು ಗುಡ್ಡೆ ಮಾಡಿ, ಫ್ಲೆಕ್ಸು ತಿರುವಿ ಹಾಕಿ ಮತ್ತೆ ಹರವಿದೆವು. ಮಗನಿದ್ದ ಮೂಲೆಯನ್ನು ಮುದುಕಿ ಈಗ ಮೇಲ್ಮುಖ ಮಡಚಿದಳು. ಬಿಳಿ ಹಾಸಿನ ತುದಿಯಲ್ಲಿ ಆ ಒಂದು ಸಾಲು ಮಾತ್ರ ಆಕಾಶ ನೋಡುತ್ತಿತ್ತು. ಸೊಸೆ ಅದರ ಮೇಲೆ ಖಾಲಿ ಚೀಲ ಎಸೆದಳು. ಮುದುಕಿ ಚೀಲ ತೆಗೆಯಲಿಲ್ಲ.

ಎರಡನ್ನೂ ಅಳಿಸಿದೆ ಎಂದೇ ನನ್ನ ನೆನಪು. ಹುಬ್ಬಳ್ಳಿಗೆ ಬಂದು ನೋಡಿದರೆ ಮೊದಲು ಹೊಡೆದ ಕಾಲಿನ ಫೋಟೋ ಇತ್ತು. ಗಡಿಬಿಡಿಯಲ್ಲಿ ಉಳಿಯಿತೋ, ನನ್ನ ಬೆರಳೇ ಉಳಿಸಿತೋ. ಸಂಪಾದಕರಿಗೆ ಅದನ್ನು ಕಳಿಸಲಿಲ್ಲ. ಉಳಿದವನ್ನು ಕಳಿಸಿದೆ. ಅವನ್ನು ನೋಡಿ ಅವರು, "ಚಂದ ಅದಾವ್ರಿ, ಆದ್ರ ರಾಜಕೀಯ ಎಲ್ಲೈತಿ?" ಎಂದು ಕೇಳಿದರು. ಆ ಮುದುಕಿ ನಾಯಕರನ್ನು ತುಳಿದಳು ಎಂದು ನಾನು ಓದಿದ್ದೆ. ಅವಳು ತುಳಿಯದಂತೆ ಕಾಯ್ದದ್ದು ಯಾರನ್ನು ಎಂಬುದು ಆ ಚೌಕಟ್ಟಿನ ಹೊರಗೆ ಉಳಿದಿತ್ತು. ಆದರೆ ಇದೂ ಒಂದು ವಾಕ್ಯವೇ. ಇದು ಇಷ್ಟು ಸಲೀಸಾಗಿ ಬರುತ್ತಿರುವುದರಿಂದಲೇ ನನಗೆ ಇದರ ಮೇಲೂ ಅನುಮಾನ. ನಾನು ಬಗ್ಗುವ ತನಕ ಅದು ಬರೀ ಹಾಸು. ಅಥವಾ ಆ ರಸ್ತೆಯಲ್ಲಿ ಹೋಗುವವರಿಗೆಲ್ಲ ಮೊದಲೇ ಕಂಡಿತ್ತು, ಕಂಡದ್ದಕ್ಕೇ ಯಾರೂ ಗಾಡಿ ನಿಲ್ಲಿಸುತ್ತಿರಲಿಲ್ಲ.

ಮುಂದಿನ ಸುಗ್ಗಿಯಲ್ಲಿ ಹಿರೇಕೆರೂರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಆ ಜಾಗ ನೋಡಿದೆ, ಅದೇ ಜಾಗವಾಗಿದ್ದರೆ. ಹೊಸ ನೀಲಿ ತಾಡಪತ್ರಿ ಹಾಸಿತ್ತು, ಹತ್ತಿರ ಯಾರೂ ಇರಲಿಲ್ಲ. ಮಗನ ಸಂಬಳದಲ್ಲಿ ಕೊಂಡದ್ದು ಎಂದುಕೊಂಡೆ. ಕೆಲಸ ಹೋದ ಸಿಟ್ಟಿಗೆ ಫ್ಲೆಕ್ಸು ಹರಿದೊಗೆದು ತಂದದ್ದು ಎಂದುಕೊಂಡೆ. ಬೇರೆ ಯಾರದೋ ಕಾಳು ಎಂದೂ ಅಂದುಕೊಂಡೆ. ಇಳಿದು ಕೇಳಬಹುದಿತ್ತು. ನೀರು ಬಿಡುವವನ ಬಗ್ಗೆ ಹೊರಗಿನವನೊಬ್ಬ ವಿಚಾರಿಸಿದ ಎಂಬ ಸುದ್ದಿ ಮತ್ತೆ ಯಾರ ಕಿವಿಗೆ ಹೋಗುತ್ತದೋ ಎಂದು ಇಳಿಯಲಿಲ್ಲ.

ಮೋಟರ್‌ಸೈಕಲ್ಲಿನವನು ತನ್ನ ಫೋನಿನಲ್ಲಿ ಹೊಡೆದ ಫೋಟೋವನ್ನು ಯಾರಿಗಾದರೂ ತೋರಿಸಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳ ಮಗನ ಕೆಲಸ ಉಳಿದಿದೆಯೋ ಹೋಯಿತೋ, ಅದೂ ಗೊತ್ತಿಲ್ಲ.